ಮೂರು ಗಂಟೆ ಉಳಿಯಿತು, ಓದು ನಿಂತುಹೋಯಿತು

ಏಳು ವರ್ಷ ನಾನು ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಿನಲ್ಲಿ ಓಡಾಡಿದೆ. ಬ್ಯಾಂಕಿನ ಕೆಲಸ. ಮನೆಯಲ್ಲಿ ಸಣ್ಣ ಮಗು, ಆಮೇಲೆ ಎರಡನೆಯದು. ಸ್ಟೇಷನ್ನಿಗೆ ಹೋಗುವುದು, ಕಾಯುವುದು, ಇಳಿದು ನಡೆಯುವುದು ಎಲ್ಲಾ ಸೇರಿಸಿದರೆ ದಿನಕ್ಕೆ ಮೂರು ಗಂಟೆಗೂ ಜಾಸ್ತಿ ಓಡಾಟದಲ್ಲೇ ಹೋಗುತ್ತಿತ್ತು. 2023ರಲ್ಲಿ ತುಮಕೂರಿಗೇ ವರ್ಗ ಆಯಿತು. ಈಗ ಮನೆಯಿಂದ ಬ್ಯಾಂಕಿಗೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಆರ್ಡರ್ ಕೈಗೆ ಬಂದ ದಿನ ನಾನು ಮೊದಲು ಹಾಕಿದ್ದು ಓದಿನ ಲೆಕ್ಕ. ದಿನಕ್ಕೆ ಮೂರು ಗಂಟೆ ಉಳಿಯಿತು. ಅದರಲ್ಲಿ ಒಂದೇ ಒಂದು ಗಂಟೆ ಓದಿಗೆ ಇಟ್ಟರೂ ಕಪಾಟಿನಲ್ಲಿ ಕೂತಿರುವ ಪುಸ್ತಕಗಳೆಲ್ಲಾ ಒಂದು ವರ್ಷದಲ್ಲಿ ಮುಗಿಯುತ್ತವೆ ಅಂದುಕೊಂಡೆ.

ಆ ವರ್ಷ ನಾನು ಓದಿ ಮುಗಿಸಿದ್ದು ಒಂದು ಪುಸ್ತಕ. ಇನ್ನೊಂದು ಅರ್ಧಕ್ಕೇ ನಿಂತಿತು.

ರೈಲಿನಲ್ಲಿ ಓಡಾಡುತ್ತಿದ್ದಾಗ ತಿಂಗಳಿಗೆ ಎರಡು ಮೂರು ಪುಸ್ತಕ ಆಗುತ್ತಿತ್ತು. ಸುಸ್ತು ಜಾಸ್ತಿ ಇತ್ತು, ನಿದ್ದೆ ಕಡಿಮೆ ಇತ್ತು, ಆದರೂ ಆಗುತ್ತಿತ್ತು. ಪುರುಸೊತ್ತು ಸಿಕ್ಕ ಮೇಲೆ ಓದು ನಿಂತಿದ್ದು ಹೇಗೆ? ಇದು ನನ್ನನ್ನು ತುಂಬಾ ದಿನ ಕಾಡಿತು. ಈಗ ಸ್ವಲ್ಪ ಅರ್ಥವಾಗಿದೆ. ಮನೆ, ಮಕ್ಕಳು, ಕೆಲಸ ಅಂತ ಓಡುತ್ತಾ ಓದು ಬಿಟ್ಟುಹೋಯಿತಲ್ಲ ಅಂತ ಸಂಕಟ ಪಡುವವರು ನನ್ನ ಹಾಗೆ ಇನ್ನೂ ಇರುತ್ತಾರೆ ಅಂತ ಬರೆಯುತ್ತಿದ್ದೇನೆ.

ರೈಲಿನ ಓದು ಹೇಗಿತ್ತು ಅಂತ ಮೊದಲು ಹೇಳುತ್ತೇನೆ. ತುಮಕೂರಿನಿಂದಲೇ ಹೊರಡುವ ಗಾಡಿಯಾದರೆ ಸ್ವಲ್ಪ ಮುಂಚೆ ಹೋದವರಿಗೆ ಸೀಟು. ಅರಸೀಕೆರೆ ಕಡೆಯಿಂದ ಬರುವ ಗಾಡಿಯಾದರೆ ನಿಂತೇ ಹೋಗಬೇಕು. ಸೀಟು ಸಿಕ್ಕಿದರೂ ಹತ್ತಿದ ಕೂಡಲೇ ಪುಸ್ತಕ ತೆಗೆಯುವ ಹಾಗಿರಲಿಲ್ಲ. ಮೊದಲು ಫೋನು. ಮಗಳು ಹಾಲು ಕುಡಿದಳಾ, ಊಟದ ಡಬ್ಬಿ ಬ್ಯಾಗಿಗೆ ಹಾಕಿದಿರಾ, ಕಾಪಿ ಪುಸ್ತಕ ಟಿವಿ ಮೇಲೆ ಇದೆ ನೋಡಿ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಅದೆಲ್ಲಾ ಮುಗಿಯುತ್ತಿತ್ತು. ಹಿರೇಹಳ್ಳಿಗೆ ಬಂದರೆ ಇನ್ನು ನನ್ನಿಂದ ಮನೆಗೆ ಏನೂ ಆಗಬೇಕಾದ್ದಿಲ್ಲ, ಬ್ಯಾಂಕು ಇನ್ನೂ ದೂರ ಇದೆ. ಅಲ್ಲಿಂದ ಚಿಕ್ಕಬಾಣಾವರದವರೆಗೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಚಿಕ್ಕಬಾಣಾವರ ಬಂತು ಅಂದರೆ ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ಜರುಗಬೇಕು. ನಡುವೆ ಸಿಗುತ್ತಿದ್ದ ಮುಕ್ಕಾಲು ಗಂಟೆಯಲ್ಲೇ ನಾನು ಎಷ್ಟೊಂದು ಓದಿದೆ!

ಹೆಂಗಸರ ಬೋಗಿ ನೋಡಿದವರಿಗೆ ಗೊತ್ತಿರುತ್ತದೆ, ಅಲ್ಲಿ ಯಾರ ಕೈಯೂ ಖಾಲಿ ಇರುವುದಿಲ್ಲ. ಒಬ್ಬರು ಸೀರೆಗೆ ಕುಚ್ಚು ಹಾಕುತ್ತಿರುತ್ತಾರೆ. ಒಬ್ಬರು ಹೂ ಕಟ್ಟುತ್ತಿರುತ್ತಾರೆ. ಸಂಜೆ ಗಾಡಿಯಲ್ಲಿ ಸೊಪ್ಪು ಬಿಡಿಸಿ ಮುಗಿಸಿದರೆ ಮನೆಗೆ ಹೋದ ಮೇಲೆ ಒಂದು ಕೆಲಸ ಕಡಿಮೆ. ಡಿಸೆಂಬರ್, ಜನವರಿ ಬಂತು ಅಂದರೆ ಎಲ್ಲರ ಮಡಿಲಲ್ಲೂ ಪೇಪರ್ ಹಾಸಿಕೊಂಡು ಅವರೆಕಾಯಿ. ಸೊಗಡಿನ ವಾಸನೆ ಬೋಗಿಯೆಲ್ಲಾ ತುಂಬಿರುತ್ತಿತ್ತು. ನಮ್ಮ ಬೋಗಿಯಲ್ಲಿ ಒಬ್ಬರು ಹಿರಿಯರಿದ್ದರು. ಸರ್ಕಾರಿ ಕೆಲಸ. ಎಲ್ಲರಿಗೂ ಅವರು ಅಕ್ಕ. ಒಂದು ಸಂಜೆ ನಾನು ಮಾಸ್ತಿಯವರ ಒಂದು ಸಣ್ಣಕತೆ ಓದುತ್ತಿದ್ದೆ. ನನ್ನ ಅವರೆಕಾಯಿ ಚೀಲ ಕಾಲ ಹತ್ತಿರ ಹಾಗೇ ಬಿದ್ದಿತ್ತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ಲೇ, ನೀನೊಬ್ಬಳೇ ನಗ್ತಾ ಇದ್ದೀಯಲ್ಲ, ಏನದು? ಗಟ್ಟಿಯಾಗಿ ಓದೇ. ನಿನ್ನ ಕಾಯಿ ನಾವು ಸುಲಿದು ಕೊಡ್ತೀವಿ."

ನಾನು ಮೊದಲಿಂದ ಶುರು ಮಾಡಿದೆ. ಗಾಡಿಯ ಸದ್ದಿಗೆ ದನಿ ಎತ್ತಿ ಓದಬೇಕಾಗಿತ್ತು. ಸೋಲದೇವನಹಳ್ಳಿಯಲ್ಲಿ ಶುರುವಾದ ಕತೆ ದಾಬಸ್‌ಪೇಟೆ ಬರುವಷ್ಟರಲ್ಲಿ ಮುಗಿಯಿತು. ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಎದುರು ಸೀಟಿನಲ್ಲಿದ್ದ ಹುಡುಗಿಯ ಕೈಯಲ್ಲಿ ಅರ್ಧ ಬಿಡಿಸಿದ ಕಾಯಿ ಹಾಗೇ ಇತ್ತು. ಆಮೇಲೆ ಅಕ್ಕ ನನ್ನ ಸ್ಟೀಲ್ ಡಬ್ಬಿಗೆ ಕಾಳು ಸುರಿದು ಮುಚ್ಚಳ ಒತ್ತಿ ಕೊಟ್ಟರು. "ನಾಳೆ ಇನ್ನೊಂದು ತಗೊಂಬಾ" ಅಂದರು. ಆ ಚಳಿಗಾಲವೆಲ್ಲಾ ನಾನು ಒಂದು ಕಾಯಿಯನ್ನೂ ಸುಲಿಯಲಿಲ್ಲ.

2020ರ ಮಾರ್ಚ್‌ನಲ್ಲಿ ರೈಲು ನಿಂತಿತು. ಆ ವರ್ಷ ನವೆಂಬರ್‌ನಲ್ಲಿ ಮಗ ಹುಟ್ಟಿದ. 26 ವಾರದ ಹೆರಿಗೆ ರಜೆ. ರಾತ್ರಿ ಎರಡು ಗಂಟೆಗೆ, ನಾಲ್ಕು ಗಂಟೆಗೆ ಏಳುವುದು ಇದ್ದೇ ಇತ್ತು. ಮಗು ತೊಡೆ ಮೇಲೆ, ಎಡಗೈ ಅದರ ತಲೆ ಕೆಳಗೆ. ಉಳಿದದ್ದು ಬಲಗೈ ಒಂದೇ. ಹೆಬ್ಬೆರಳು, ಕಿರುಬೆರಳು ಪುಸ್ತಕದ ಒಳಗೆ, ನಡುವಿನ ಮೂರು ಬೆರಳು ಹಿಂದೆ. ಪುಟ ತಿರುಗಿಸಬೇಕಾದರೆ ಪುಸ್ತಕವನ್ನು ಮಂಡಿಗೆ ಆನಿಸಿ ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಬೇಕು. ಹಾಗೆ ಹಿಡಿಯಲು ನೂರು, ನೂರಿಪ್ಪತ್ತು ಪುಟದ ಪುಸ್ತಕವೇ ಸರಿ. ಅದಕ್ಕಿಂತ ದಪ್ಪ ಆದರೆ ಕೈ ಸೋಲುತ್ತದೆ. ಫೋನಿನಲ್ಲಿ ಓದಬಹುದಿತ್ತು. ಆದರೆ ಫೋನಿನ ಬೆಳಕಿಗೆ ಮಗು ಕಣ್ಣು ಬಿಡುತ್ತಿತ್ತು. ಗೋಡೆಯ ಸಣ್ಣ ದೀಪದಲ್ಲಿ ಪುಸ್ತಕವೇ ವಾಸಿ. ಆ ಆರು ತಿಂಗಳಲ್ಲಿ ಕಪಾಟಿನಲ್ಲಿದ್ದ ತೆಳು ಪುಸ್ತಕವೆಲ್ಲಾ ಮುಗಿಸಿದೆ. ಮಗುವಿಗೆ ಹಾಲು ಕೊಡುವ ತಾಯಿಯನ್ನು ಏಳು ಅಂತ ಯಾರೂ ಹೇಳುವುದಿಲ್ಲ ನೋಡಿ.

ಇಲ್ಲಿಗೆ ನನ್ನ ಪ್ರಶ್ನೆಗೆ ಉತ್ತರ ಹತ್ತಿರ ಬಂತು.

ವರ್ಗ ಆಗಿ ಬಂದ ಮೇಲೆ ಸಂಜೆ ಆರೂವರೆಗೆ ಮನೆಯಲ್ಲಿರುತ್ತಿದ್ದೆ. ಕಾಫಿ ಕುಡಿದು ಹಾಲಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತೆ ಅಂದರೆ ಎರಡು ನಿಮಿಷ ಆಗುತ್ತಿರಲಿಲ್ಲ.

"ಸುಮ್ನೆ ಕೂತಿದ್ದೀಯಲ್ಲಮ್ಮ, ಆ ಮೆಂತ್ಯ ಸೊಪ್ಪು ಸ್ವಲ್ಪ ಬಿಡಿಸಿಬಿಡು" ಅಂತ ಅತ್ತೆ. "ಅಮ್ಮ, ಫ್ರೀ ಇದ್ದೀಯಾ? ಈ ಲೆಕ್ಕ ಹೇಳಿಕೊಡು" ಅಂತ ಮಗಳು. "ಅಮ್ಮ ಬಾ, ಕಾರ್ ಓಡ್ಸೋಣ" ಅಂತ ಮಗ. ಅಂಗಡಿಯಿಂದ ನಮ್ಮ ಮನೆಯವರ ಫೋನು, ಮನೆಯಲ್ಲೇ ಇದ್ದೀಯಲ್ಲ, ಆ ವೈರಿನ ಬಿಲ್ಲು ಟೇಬಲ್ ಮೇಲೆ ಇದೆಯಾ ನೋಡು ಅಂತ. ಯಾರದೂ ತಪ್ಪಲ್ಲ. ಯಾರೂ ಗದರಿಸಿ ಹೇಳಿದ್ದಲ್ಲ. ಅವರ ಕಣ್ಣಿಗೆ ನಾನು ಸುಮ್ಮನೆ ಕೂತಿದ್ದೆ, ಅಷ್ಟೇ.

ನನಗೆ 2018 ನೆನಪಾಯಿತು. ಆಗ ಜೆಎಐಐಬಿ ಪರೀಕ್ಷೆಗೆ ಓದುತ್ತಿದ್ದೆ. ಬ್ಯಾಂಕಿನವರು ಬರೆಯುವ ಪರೀಕ್ಷೆ ಅದು, ಪಾಸಾದರೆ ಸಂಬಳದಲ್ಲಿ ಒಂದು ಇನ್‌ಕ್ರಿಮೆಂಟ್ ಸಿಗುತ್ತದೆ. ಇದೇ ಮನೆ, ಇದೇ ಕುರ್ಚಿ. ಮಗಳಿಗೆ ಮೂರು ವರ್ಷ. ಅತ್ತೆ ಅವಳನ್ನು ಎತ್ತಿಕೊಂಡು ಮಹಡಿಗೆ ಹೋಗುತ್ತಿದ್ದರು. "ಅಮ್ಮ ಓದ್ಕೊಳ್ತಾ ಇದಾಳೆ, ಗಲಾಟೆ ಮಾಡ್ಬಾರ್ದು" ಅಂತ ಹೇಳುತ್ತಿದ್ದರು. ಎಂಟು ಗಂಟೆಗೆ ಕೇಳದೇ ಕಾಫಿ ಬರುತ್ತಿತ್ತು. ನಮ್ಮ ಮನೆಯವರು ಬಾಗಿಲು ಮುಂದೆ ಎಳೆದುಕೊಂಡು ಹೋಗುತ್ತಿದ್ದರು. ಕೈಯಲ್ಲಿ ಪುಸ್ತಕ ಆಗಲೂ ಇತ್ತು, ಈಗಲೂ ಇದೆ. ಆ ಪುಸ್ತಕದಿಂದ ಮನೆಗೆ ಏನೋ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಕಾದಂಬರಿಯಿಂದ ಏನು ಬರುತ್ತದೆ? ಈ ಪ್ರಶ್ನೆಯನ್ನು ಬೇರೆಯವರು ಕೇಳುವ ಮೊದಲು ನಾನೇ ಕೇಳಿಕೊಂಡು ಕುರ್ಚಿಯಿಂದ ಎದ್ದುಬಿಡುತ್ತಿದ್ದೆ. ಸಿಂಕಿನಲ್ಲಿ ಪಾತ್ರೆ ಇದ್ದಾಗ ಕತೆ ಓದುವುದು ಕಳ್ಳತನ ಅನ್ನಿಸುತ್ತಿತ್ತು. ರೈಲಿನಲ್ಲಿ ಸಿಂಕು ಇರಲಿಲ್ಲ.

ಒಂದು ರಾತ್ರಿ ಇದನ್ನು ಅತ್ತೆಯ ಹತ್ತಿರ ಹೇಳಿಬಿಟ್ಟೆ. ದೂರು ಹೇಳುವ ದನಿಯಲ್ಲಿ ಅಲ್ಲ. "ಅತ್ತೆ, ನಂಗೆ ಓದ್ಬೇಕು ಅನ್ಸುತ್ತೆ. ಆದ್ರೆ ಮನೇಲಿ ಕೂತು ಓದಿದ್ರೆ ಏನೋ ತಪ್ಪು ಮಾಡಿದ ಹಾಗಾಗುತ್ತೆ" ಅಂದೆ. ಅವರು ಅಕ್ಕಿ ಆರಿಸುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೊರ ಸ್ವಲ್ಪ ಎತ್ತಿ ಅದರ ಅಡಿ ತೋರಿಸಿದರು.

"ಇದರ ಕೆಳಗೆ ಇಟ್ಕೊಂಡು ಓದ್ತಿದ್ದೆ ನಾನು" ಅಂದರು.

ಪಕ್ಕದ ಮನೆಯವರು ಸುಧಾ ತರಿಸುತ್ತಿದ್ದರಂತೆ. ಅವರು ಓದಿದ ಮೇಲೆ ಅತ್ತೆಗೆ ಕೊಡುತ್ತಿದ್ದರಂತೆ. ಧಾರಾವಾಹಿಯ ಪುಟ ಮಡಿಚಿ, ತೊಡೆ ಮೇಲೆ ಇಟ್ಟುಕೊಂಡು, ಮೇಲೆ ಮೊರ. ಮೊರ ಸ್ವಲ್ಪ ಮುಂದಕ್ಕೆ ಸರಿಸಿದರೆ ಅರ್ಧ ಪುಟ ಕಾಣುತ್ತದೆ. ಅವರ ಅತ್ತೆಯ ಹೆಜ್ಜೆ ಸದ್ದು ಕೇಳಿದ ಕೂಡಲೇ ಮೊರ ಹಿಂದಕ್ಕೆ. "ಆ ವರ್ಷ ನಮ್ಮನೆ ಅನ್ನದಲ್ಲಿ ಒಂದು ಕಲ್ಲೂ ಇರ್ತಿರ್ಲಿಲ್ಲ. ಒಂದೇ ಅಕ್ಕೀನ ಮೂರು ಮೂರು ಸಲ ಆರಿಸ್ತಿದ್ದೆ" ಅಂದರು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ಹನ್ನೆರಡು ವರ್ಷದಿಂದ ಜೊತೆಗಿದ್ದೇನೆ. ಅವರು ಓದುತ್ತಿದ್ದರು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಈಗ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಓದಲು ಕಷ್ಟ ಅವರಿಗೆ. ಅದಕ್ಕೇ ಬಿಟ್ಟಿದ್ದಾರೆ. ನಾನು ಯಾವತ್ತೂ ಕೇಳಿರಲೂ ಇಲ್ಲ.

ಆ ಮೊರವನ್ನು ನೋಡಿದ ಮೇಲೆ ನನ್ನೊಳಗೆ ಏನೋ ಗಟ್ಟಿಯಾಯಿತು. ಇನ್ನು ಮೇಲೆ ಕದ್ದು ಓದುವುದು ಬೇಡ ಅನ್ನಿಸಿತು. ಮನೆಯವರೆಲ್ಲರ ಎದುರು, ಹೇಳಿ, ಕೂತು ಓದಬೇಕು. ಮಗಳಿಗೂ ಅದು ಕಾಣಬೇಕು. ಇಲ್ಲದಿದ್ದರೆ ಅವಳೂ ಒಂದು ದಿನ ಮೊರ ಹುಡುಕುತ್ತಾಳೆ.

ಮಾರನೇ ದಿನ ಸಂಜೆ ಹೇಳಿದೆ. "ಏಳರಿಂದ ಏಳೂಕಾಲು, ನಾನು ಓದ್ತೀನಿ. ಏಳೂಕಾಲಿಗೆ ಎದ್ದು ಬರ್ತೀನಿ. ಅಲ್ಲೀವರೆಗೆ ಬಿದ್ದು ಪೆಟ್ಟಾದ್ರೆ ಮಾತ್ರ ಕರೀರಿ." ಹದಿನೈದೇ ನಿಮಿಷ. ಮೊದಲ ವಾರ ಮಗ ಆರು ಸಲ ಬಂದ. ಎರಡನೇ ವಾರ ಮಗಳು ಅವನನ್ನು ಬಾಗಿಲಲ್ಲೇ ತಡೆಯುತ್ತಿದ್ದಳು. "ಅಮ್ಮ ಓದ್ತಾ ಇದಾಳೆ ಕಣೋ. ದೊಡ್ಡ ಮುಳ್ಳು ಮೂರಕ್ಕೆ ಬರ್ಲಿ." ಅವನು ಗಡಿಯಾರ ನೋಡಲು ಕಲಿತದ್ದು ಹಾಗೆ. ಹೇಳಿದ ಹೊತ್ತಿಗೆ ನಾನು ಎದ್ದು ಹೋಗುತ್ತೇನೆ, ಎಷ್ಟೇ ರಸವತ್ತಾದ ಜಾಗದಲ್ಲಿದ್ದರೂ. ಏಳೂಕಾಲು ಅಂದರೆ ಏಳೂಕಾಲೇ ಅಂತ ಮಕ್ಕಳಿಗೆ ನಂಬಿಕೆ ಬಂದರೆ ಅವರೂ ಕಾಯುತ್ತಾರೆ. ಇದು ನನ್ನ ಅನುಭವ.

ನಮ್ಮ ಮನೆಯವರ ಜೊತೆ ಬೇರೆ ಮಾತು ಆಡಬೇಕಾಯಿತು. ಓದಿಗೆ ಬಿಡುವು ಮಾಡಿಕೊಳ್ಳಿ ಅಂತ ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಆ ಬಿಡುವು ಎಲ್ಲಿಂದಲೋ ಉದುರುವುದಿಲ್ಲ. ಯಾರೋ ಒಬ್ಬರ ಕೈ ಆ ಕೆಲಸಕ್ಕೆ ಬರಬೇಕು. ಅಂಗಡಿ ಬಾಗಿಲು ಹಾಕಿ ಅವರು ಬರುವುದು ಒಂಬತ್ತಕ್ಕೆ. "ರೀ, ಊಟ ಆದ್ಮೇಲೆ ಕಟ್ಟೆ ಒರೆಸೋದು, ಹಾಲಿಗೆ ಹೆಪ್ಪು ಹಾಕೋದು, ಮಕ್ಕಳ ಬಾಟ್ಲಿ ತೊಳೆದಿಡೋದು ನೀವು ನೋಡ್ಕೊಳ್ತೀರಾ?" ಅಂತ ನೇರವಾಗಿ ಕೇಳಿದೆ. ಅವರು ಸರಿ ಅಂದರು. ಮೊದಲ ನಾಲ್ಕು ದಿನ ಹೆಪ್ಪು ಜಾಸ್ತಿಯಾಗಿ ಮೊಸರು ಹುಳಿ. ಐದನೇ ದಿನದಿಂದ ಚೆನ್ನಾಗಿ ಬಂತು. ಆ ಇಪ್ಪತ್ತು ನಿಮಿಷ ರಾತ್ರಿ ನನಗೆ ಉಳಿಯಿತು. ಇಷ್ಟು ವರ್ಷ ಕೇಳದೇ ಇದ್ದದ್ದು ಏಕೆ ಅಂತ ಈಗ ಅನ್ನಿಸುತ್ತದೆ.

ಒಂದು ಮಾತು ಹೇಳಲೇಬೇಕು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಓದಿ ಅನ್ನುವ ಸಲಹೆ ಬೇಡ. ನಾನು ಮೂರು ವಾರ ಮಾಡಿ ನೋಡಿದೆ. ಹನ್ನೊಂದು ಗಂಟೆಗೆ ಕೌಂಟರಿನಲ್ಲಿ ಕೂತಾಗ ಕಣ್ಣು ಎಳೆಯುತ್ತಿತ್ತು. ಒಂದು ದಿನ ನೋಟು ಎಣಿಸುವಾಗ ಲೆಕ್ಕ ತಪ್ಪಿತು. ಸಂಜೆ ಮಕ್ಕಳ ಮೇಲೆ ಸುಮ್ಸುಮ್ನೆ ರೇಗುತ್ತಿದ್ದೆ. ತಾಯಂದಿರಿಗೆ ಇರುವ ನಿದ್ದೆಯೇ ಕಡಿಮೆ. ಅದನ್ನು ಕೊಟ್ಟು ಪುಸ್ತಕ ಓದಬೇಕಾಗಿಲ್ಲ.

ಬದಲಿಗೆ ಕಾಯುವ ಹೊತ್ತನ್ನು ಹಿಡಿದುಕೊಂಡೆ. ಬೇಳೆ ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಎರಡು ಪುಟ ಆಗುತ್ತದೆ. ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಪಕ್ಕ ಯಾವಾಗಲೂ ಒಂದು ಪುಸ್ತಕ ಇರುತ್ತದೆ. ಅದಕ್ಕೆ ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯ ಹೊದಿಕೆ ಹಾಕಿದ್ದೇನೆ, ಅರಿಸಿನದ ಕೈ ಅಂಟದ ಹಾಗೆ. ಸ್ಕೂಟರಿನ ಡಿಕ್ಕಿಯಲ್ಲಿ ಇನ್ನೊಂದು. ಭಾನುವಾರ ಬೆಳಿಗ್ಗೆ ಮಗಳ ಭರತನಾಟ್ಯದ ಕ್ಲಾಸು, ಒಂದೂಕಾಲು ಗಂಟೆ. ಮೊದಲು ಬಿಟ್ಟು ಮನೆಗೆ ಬಂದು ಮತ್ತೆ ಹೋಗುತ್ತಿದ್ದೆ. ಈಗ ಅಲ್ಲೇ ಹೊಂಗೆ ಮರದ ಕೆಳಗೆ ಸ್ಕೂಟರ್ ಸ್ಟ್ಯಾಂಡ್ ಹಾಕಿ ಸೀಟಿನ ಮೇಲೆ ಕೂರುತ್ತೇನೆ. ಒಳಗಿಂದ ತಟ್ಟುಕೋಲಿನ ತಾಳ ಕೇಳುತ್ತಿರುತ್ತದೆ. ಹಿರೇಹಳ್ಳಿ ದಾಟಿದ ಮೇಲಿನ ರೈಲಿನ ಹಾಗೇ ಇರುತ್ತದೆ ಆ ಹೊತ್ತು.

ಯಾವ ಪುಸ್ತಕ ಅನ್ನುವುದೂ ಮುಖ್ಯ. ತುಂಡು ತುಂಡು ಹೊತ್ತಿಗೆ ಎಲ್ಲಾ ಪುಸ್ತಕ ಒಗ್ಗುವುದಿಲ್ಲ. ವಚನ ಒಗ್ಗುತ್ತದೆ, ಸಣ್ಣಕತೆ ಒಗ್ಗುತ್ತದೆ, ಪ್ರಬಂಧ ಒಗ್ಗುತ್ತದೆ. ತಿಪಟೂರಿನಲ್ಲಿರುವ ನಮ್ಮ ಅಪ್ಪ ಬೆಳಿಗ್ಗೆ ಸ್ನಾನ ಮಾಡಿ ಬಂದು ಒಂದು ಕಗ್ಗ ಓದಿ ಆಮೇಲೆ ಕಾಫಿ ಲೋಟ ಮುಟ್ಟುತ್ತಾರೆ. ಡಿವಿಜಿಯವರ ಮಂಕುತಿಮ್ಮನ ಕಗ್ಗ 1943ರಲ್ಲಿ ಬಂದದ್ದು, 945 ಪದ್ಯ, ಒಂದೊಂದೂ ನಾಲ್ಕೇ ಸಾಲು. ದಿನಕ್ಕೊಂದರಂತೆ ಓದಿದರೆ ಒಂದು ಸುತ್ತಿಗೆ ಎರಡು ವರ್ಷ ಏಳು ತಿಂಗಳು. ಅಪ್ಪ ಈಗ ಎಷ್ಟನೇ ಸುತ್ತಿನಲ್ಲಿದ್ದಾರೋ ಅವರಿಗೇ ಲೆಕ್ಕ ತಪ್ಪಿದೆ. ನಾವು ಮೂರು ಮಕ್ಕಳನ್ನು ಓದಿಸುತ್ತಾ, ತೆಂಗಿನ ತೋಟಕ್ಕೆ ಓಡಾಡುತ್ತಾ ಅವರು ಈ ಒಂದು ಅಭ್ಯಾಸ ಬಿಟ್ಟಿಲ್ಲ. ದಿನಕ್ಕೆ ನಾಲ್ಕು ಸಾಲು ಓದುವವರೂ ಓದುಗರೇ ಅಂತ ನನಗೆ ಅಪ್ಪನನ್ನು ನೋಡಿ ಗೊತ್ತಾಯಿತು.

ಲೈಬ್ರರಿ ಮತ್ತೆ ಸಿಕ್ಕಿದ್ದು ಒಂದು ರಸೀದಿಯಿಂದ. ಏಪ್ರಿಲ್‌ನಲ್ಲಿ ಮನೆ ಕಂದಾಯ ಕಟ್ಟುವಾಗ ರಸೀದಿಯಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಕಂಡೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಈ ಕರ ಎಲ್ಲರೂ ಕಟ್ಟುತ್ತೇವೆ. ಕಟ್ಟಿದ ಮೇಲೆ ಹೋಗದೇ ಇರುವುದೇಕೆ? ನಮ್ಮ ಜಿಲ್ಲಾ ಗ್ರಂಥಾಲಯಕ್ಕೆ ಸೋಮವಾರ ರಜೆ, ಭಾನುವಾರ ತೆರೆದಿರುತ್ತದೆ. ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಬೇರೆ ಏನು ಬೇಕು? ಡಾನ್ಸ್ ಕ್ಲಾಸು ಮುಗಿಸಿಕೊಂಡು ಮಗಳ ಜೊತೆ ಹೋಗುತ್ತೇನೆ. ಅವಳಿಗೆ ಎರಡು, ನನಗೆ ಒಂದು. ಹಿಂದಿನ ಹಾಳೆಯಲ್ಲಿ ಹಾಕಿಕೊಡುವ ತಾರೀಕಿನ ಮುದ್ರೆ ನನಗೆ ತುಂಬಾ ಉಪಕಾರ ಮಾಡಿದೆ. ನಮ್ಮದೇ ಪುಸ್ತಕವಾದರೆ ನಾಳೆ ಓದೋಣ ಅನ್ನಿಸುತ್ತದೆ. ವಾಪಸ್ ಕೊಡಬೇಕಾದ ಪುಸ್ತಕ ಇವತ್ತೇ ಕರೆಯುತ್ತದೆ.

ಆದರೂ ದೊಡ್ಡ ಕಾದಂಬರಿಯ ಆಸೆ ಹೋಗಿರಲಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರದು, ಸುಮಾರು 700 ಪುಟ. ಮದುವೆಗೆ ಮುಂಚೆ ಒಂದು ಸಲ, ರೈಲಿನಲ್ಲಿ ಎರಡು ಸಲ ಶುರು ಮಾಡಿ ಬಿಟ್ಟಿದ್ದೆ. ಕಷ್ಟ ಭಾಷೆಯದಲ್ಲ, ಜನರದು. ಅಷ್ಟು ಮನೆ, ಅಷ್ಟು ಜನ. ಮೂರು ದಿನ ಬಿಟ್ಟು ತೆರೆದರೆ ಇವನು ಯಾರ ಮನೆಯವನು ಅಂತ ಹಿಂದೆ ತಿರುಗಿಸಬೇಕು. 2024ರ ದಸರಾ ರಜೆಯಲ್ಲಿ ನಾಲ್ಕನೇ ಸಲ ಹಿಡಿದಾಗ ಒಂದು ಕ್ಯಾಲೆಂಡರ್ ಹಾಳೆಯ ಹಿಂದೆ ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಅಂತ ಮನೆಗಳ ಹೆಸರು ಬರೆದು, ಒಂದೊಂದರ ಕೆಳಗೆ ಅಲ್ಲಿಯ ಜನರ ಹೆಸರು ಬರೆಯುತ್ತಾ ಹೋದೆ. ಅದನ್ನು ನಾಲ್ಕಾಗಿ ಮಡಿಚಿ ಪುಸ್ತಕದೊಳಗೇ ಇಟ್ಟೆ. ಈ ಸಲ ಹಾದಿ ತಪ್ಪಲಿಲ್ಲ.

ರಾತ್ರಿ ಊಟ ಆದ ಮೇಲಿನ ಇಪ್ಪತ್ತು ನಿಮಿಷ ಅದನ್ನು ಗಟ್ಟಿಯಾಗಿ ಓದುತ್ತಿದ್ದೆ, ಅತ್ತೆಗಾಗಿ. ಮಕ್ಕಳ ಎದುರು ಓದಲಾಗದ ಪುಟಗಳೂ ಇವೆ, ಅವನ್ನು ಭಾನುವಾರ ಹೊಂಗೆ ಮರದ ಕೆಳಗೆ ಓದಿಕೊಂಡು ಆಮೇಲೆ ಅತ್ತೆಗೆ ಸೂಕ್ಷ್ಮವಾಗಿ ಹೇಳುತ್ತಿದ್ದೆ. ಅತ್ತೆ ಮಂಚದ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆ ಬಂತೇನೋ ಅಂದುಕೊಂಡು ನಿಲ್ಲಿಸಿದರೆ "ಹೂಂ, ಆಮೇಲೆ?" ಒಂದು ದಿನ ನಾನೇ ಮುಕುಂದಯ್ಯ ಯಾವ ಮನೆಯವನು ಅಂತ ತಡಕಾಡಿ ಹಾಳೆ ಬಿಚ್ಚುತ್ತಿದ್ದೆ. "ಕೋಣೂರಿನವನಲ್ವೇನಮ್ಮ? ಹೂವಳ್ಳಿ ಚಿನ್ನಮ್ಮನ್ನ ಮೆಚ್ಕೊಂಡಿರೋನು" ಅಂದರು ಕಣ್ಣು ಬಿಡದೇ. ಅವತ್ತಿನಿಂದ ಆ ಹಾಳೆ ಬಿಚ್ಚುವ ಕೆಲಸವೇ ಬೀಳಲಿಲ್ಲ. ಒಮ್ಮೊಮ್ಮೆ ನಾನು ಸುಸ್ತಾಗಿದ್ದರೆ ಅವರೇ ಕೇಳುತ್ತಿದ್ದರು. "ಇವತ್ತು ಓದಲ್ವೇನಮ್ಮ? ಸೊಪ್ಪು ನಾಳೆ ಬಿಡಿಸಿದ್ರಾಯ್ತು."

ಮಗನಿಗೆ ಆಗ ನಾಲ್ಕು ವರ್ಷ. ಅವನಿಗೆ ಬೇಕಾದದ್ದು ಒಂದೇ, ಗುತ್ತಿಯ ನಾಯಿ ಹುಲಿಯ. ಹೆಸರು ಕೇಳಿದ ಮೊದಲ ದಿನ "ಅದು ಹುಲಿನಾ ನಾಯಿನಾ?" ಅಂತ ಗೊಂದಲ. ಹುಲಿಯ ಅನ್ನುವ ಹೆಸರಿನ ನಾಯಿ ಅಂತ ಗೊತ್ತಾದ ಮೇಲೆ ದಿನಾ ಮಲಗುವಾಗ ಒಂದೇ ಪ್ರಶ್ನೆ. "ಇವತ್ತು ಹುಲಿಯ ಏನ್ ಮಾಡ್ತು?" ಹುಲಿಯ ಬಾರದ ಪುಟ ಓದಿದ ದಿನ "ಇವತ್ತು ಮಲ್ಕೊಂಡಿತ್ತು" ಅನ್ನುತ್ತಿದ್ದೆ. ಅದು ಎಲ್ಲಿ ಮಲಗಿತ್ತು, ಮಳೆ ಬರುತ್ತಿತ್ತಾ, ಇಂಬಳ ಕಚ್ಚಲಿಲ್ಲವಾ ಅಂತ ಅವನು ಕೇಳುತ್ತಾ ಹೋಗುತ್ತಿದ್ದ.

ದಿನಕ್ಕೆ ಎರಡು ಪುಟ, ಮೂರು ಪುಟ. ಮಾರ್ಚ್ ಕೊನೆಯಲ್ಲಿ ಬ್ಯಾಂಕಿನ ಕೆಲಸ ಜಾಸ್ತಿಯಾಗಿ ಎರಡು ವಾರ ತೆರೆಯಲೇ ಇಲ್ಲ. ಮೇನಲ್ಲಿ ಮಕ್ಕಳಿಬ್ಬರಿಗೂ ಜ್ವರ. 2025ರ ಜುಲೈನ ಒಂದು ಭಾನುವಾರ ಕೊನೆಯ ಪುಟಗಳಿಗೆ ಬಂದೆ. ಮಳೆ ಹನಿಯುತ್ತಿತ್ತು. ಡಾನ್ಸ್ ಕ್ಲಾಸಿನ ಶೀಟಿನ ಕೆಳಗೆ ಗೋಡೆಗೆ ಒರಗಿ ನಿಂತು ಓದುತ್ತಿದ್ದೆ. ತುಂಬಿದ ಹೊಳೆ. ಹುಲಿಯ ನೀರಿನಲ್ಲಿ ಕೊಚ್ಚಿಹೋಯಿತು. ನನಗೆ ಓದಲು ಆಗಲಿಲ್ಲ. ಅಕ್ಷರ ಕಾಣದ ಹಾಗೆ ಕಣ್ಣು ತುಂಬಿತು. ಮಗಳು ಹೊರಗೆ ಬಂದವಳು ಗೆಜ್ಜೆ ಚೀಲ ಹಿಡಿದುಕೊಂಡು ನನ್ನ ಮುಖ ನೋಡಿದಳು. ಪುಸ್ತಕ ನೋಡಿದಳು. "ಹುಲಿಯನಾ?" ಅಂದಳು. ಹೂಂ ಅಂದೆ. ಅವಳು ನನ್ನ ಸೊಂಟ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು. ದಾರಿಯಲ್ಲಿ "ಅವನಿಗೆ ಏನ್ ಹೇಳ್ತೀಯಾ?" ಅಂತ ಕೇಳಿದಳು.

ಸಂಜೆ ಅತ್ತೆಗೆ ಆ ಪುಟಗಳನ್ನು ಓದಿದೆ. ಅವರು ಕಣ್ಣು ಒರೆಸಿಕೊಂಡರು. ರಾತ್ರಿ ದೀಪ ಆರಿಸಿದ ಮೇಲೆ ಮಗ ಎಂದಿನ ಹಾಗೆ ಕೇಳಿದ. ಮಲಗಿತ್ತು ಅಂತ ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ. ಇಷ್ಟು ದಿನ ಅವನು ನನ್ನ ಜೊತೆ ಆ ಪುಸ್ತಕದೊಳಗೆ ನಡೆದಿದ್ದಾನೆ. "ಹೊಳೆ ತುಂಬಾ ಜೋರಾಗಿತ್ತು ಕಂದ. ಹುಲಿಯಂಗೆ ಈಜಕ್ಕೆ ಆಗ್ಲಿಲ್ಲ. ತೇಲ್ಕೊಂಡು ಹೋಯ್ತು. ಸತ್ತೋಯ್ತು" ಅಂದೆ.

ಅವನು ತುಂಬಾ ಹೊತ್ತು ಸುಮ್ಮನಿದ್ದ. ನನ್ನ ಕೈ ಹಿಡಿದಿದ್ದ ಬೆರಳು ಮಾತ್ರ ಆಡುತ್ತಿತ್ತು. ನಿದ್ದೆ ಬಂತು ಅಂದುಕೊಂಡೆ.

"ಅಮ್ಮ, ಮೊದ್ಲನೇ ಪೇಜಿಂದ ಓದು. ಅಲ್ಲಿ ಇರುತ್ತಲ್ವಾ?"

ಎದ್ದು ದೀಪ ಹಾಕಿದೆ. ಪುಸ್ತಕ ಅತ್ತೆಯ ಮಂಚದ ಹತ್ತಿರ ಇತ್ತು. ತಂದೆ. ಮೊದಲ ಪುಟ ತೆರೆದು ಗಟ್ಟಿಯಾಗಿ ಓದಲು ಶುರು ಮಾಡಿದೆ. ಪಕ್ಕದ ಕೋಣೆಯಿಂದ ಅತ್ತೆ, "ಸ್ವಲ್ಪ ಜೋರಾಗಿ ಓದಮ್ಮ" ಅಂದರು.